ಸೀಲ್ ಒಡೆಯದ ಮೂರು ಡಬ್ಬಿ

ಎಚ್‌ಐವಿ ಇರುವವರಿಗೆ ಗುಳಿಗೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ನನ್ನ ಟೇಬಲ್ ಮೇಲೆ ಅವಳು ಮೂರು ಡಬ್ಬಿ ಇಟ್ಟಳು. ಡಬ್ಬಿಗೆ 30ರಂತೆ 90 ಗುಳಿಗೆ. ಒಂದರ ಸೀಲೂ ಒಡೆದಿರಲಿಲ್ಲ. "ಇವು ಬ್ಯಾಡ್ರಿ ಅಕ್ಕಾರ, ಬ್ಯಾರೆ ಯಾರಿಗಾರ ಕೊಡ್ರಿ" ಅಂದಳು. ಹಣೆ ತುಂಬ ಅಂಗಾರ, ಅಂದರೆ ಮಠದ ಬೂದಿ, ಹಚ್ಚಿಕೊಂಡಿದ್ದಳು.

ಬಾಗಲಕೋಟೆ ಕಡೆ ನಾನು ಕೌನ್ಸೆಲರ್ ಆಗಿ 11 ವರ್ಷವಾಯಿತು. ಗುಳಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಕಬ್ಬು ಕಡಿಯೋಕೆ ಹೋಗಿ ಬರಲಾಗದವರು, ಅತ್ತೆ ಕಣ್ಣಿಗೆ ಬಿದ್ದೀತು ಅಂತ ಹೆದರಿದವರು. ಇವಳದು ಬೇರೆ. ಇವಳು ನಂಬಿದ ಮಠದ ಸ್ವಾಮೀಜಿ, ಅಜ್ಜಾರು, ಗುಳಿಗೆ ಬಿಡು ಅಂದಿರಲಿಲ್ಲ. ಇವಳೂ ಕೇಳಿರಲಿಲ್ಲ. "ಅಂಗಾರ ಹಚ್ಚಿಕೊಂಡು ಗುಳಿಗಿನೂ ನುಂಗಿದ್ರ, ಅಜ್ಜಾರ ಮ್ಯಾಲೆ ನಂಬಿಕಿ ಇಲ್ಲಂದಂಗ ಆಗೂದಿಲ್ಲೇನ್ರಿ?"

ಗುಳಿಗೆ ನಿಲ್ಲಿಸಿದರೆ ವೈರಸ್ ಮತ್ತೆ ಬೆಳೆಯುತ್ತೆ, ರೋಗದ ಜೊತೆ ಹೋರಾಡುವ ಸಿಡಿ4 ಕಣ ಇಳಿಯುತ್ತೆ, ಟಿಬಿ ಹಿಡಿಯಬಹುದು ಅಂತೆಲ್ಲ ಹೇಳಿದೆ. ತಲೆ ಆಡಿಸಿದಳು. ಡಬ್ಬಿ ಮಾತ್ರ ಮುಟ್ಟಲಿಲ್ಲ. ಅವಳು ಕೇಳಿದ್ದಕ್ಕೆ ನನ್ನ ಚಾರ್ಟ್‌ನಲ್ಲಿ ಉತ್ತರ ಇರಲಿಲ್ಲ. ಅದು ಮಠದಲ್ಲಿತ್ತು.

ಮುಂದಿನ ರಜೆಯ ದಿನ ಬಸ್ ಹತ್ತಿ ಅಲ್ಲಿಗೆ ಹೋದೆ. ಅಜ್ಜಾರು ದಾಸೋಹದ ಮನೆಯ ಕಟ್ಟೆ ಮೇಲೆ ಕೂತಿದ್ದರು. ನಿಮ್ಮ ಭಕ್ತರೊಬ್ಬರು ಎಚ್‌ಐವಿ ಗುಳಿಗೆ ಬಿಟ್ಟಿದ್ದಾರೆ ಅಂದೆ. "ಯಾರವ್ವಾ ಅವರು?" ಅಂದರು. "ಹೆಸರು ಹೇಳಂಗಿಲ್ರಿ ಅಜ್ಜಾರ" ಅಂದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ಹೀಗೆ ಹೊರಗಿನವರಿಗೆ ಹೇಳುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಅಜ್ಜಾರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಬ್ಯಾಡ" ಅಂದರು.

ಆಮೇಲೆ ಒಂದೊಂದಾಗಿ ಕೇಳಿದರು. ಒಂದೇ ತಾಟಿನಲ್ಲಿ ಉಂಡರೆ ಬರುತ್ತಾ? ಇಲ್ಲ. ಪಾದ ಮುಟ್ಟಿ ನಮಸ್ಕಾರ ಮಾಡಿದರೆ? ಇಲ್ಲ. ತಾಯಿಯಿಂದ ಕೂಸಿಗೆ? ಬರಬಹುದು, ಆದರೆ ತಾಯಿ ಗುಳಿಗೆ ತಪ್ಪಿಸದಿದ್ದರೆ, ಹುಟ್ಟಿದ ಕೂಸಿಗೂ ಔಷಧಿ ಕೊಟ್ಟರೆ ಬಹುತೇಕ ತಡೆಯಬಹುದು. ಸತ್ತವರಿಗೆ ಹೆಗಲು ಕೊಟ್ಟರೆ?

ಈ ಪ್ರಶ್ನೆಗೆ ನನ್ನ ಗಂಟಲು ಕಟ್ಟಿತು. ಒಂದು ಊರಲ್ಲಿ ಎಚ್‌ಐವಿ ಇದ್ದ 26ರ ಹುಡುಗನ ಹೆಣ ಸಂಜೆವರೆಗೆ ಕಟ್ಟೆ ಮೇಲೇ ಇತ್ತು. ಕ್ರಿಯೆ ಮಾಡಬೇಕಾದವರು ಓಣಿಯ ಆ ತುದಿಯಲ್ಲೇ ನಿಂತರು. ಅವರು ನಿಂತಿದ್ದನ್ನು ನೋಡಿ ಊರೂ ನಿಂತಿತು. ಕೊನೆಗೆ ತಮ್ಮ ಮತ್ತು ಮೂವರು ಗೆಳೆಯರು ಹೊತ್ತರು. ಹೆಗಲು ಕೊಟ್ಟರೆ ಬರಲ್ಲ ಅಂತ ಹೇಳಿ, ಅಜ್ಜಾರಿಗೆ ಇದನ್ನೂ ಹೇಳಿದೆ. ಅವರೇನೂ ಅನ್ನಲಿಲ್ಲ. ಕೈಯಲ್ಲಿದ್ದ ಶಲ್ಯ ಮಡಚುತ್ತಾ, ಬಿಚ್ಚುತ್ತಾ ಕೂತರು.

ಒಂದು ತರಬೇತಿಯಲ್ಲಿ ಕೇಳಿದ್ದ ಉಗಾಂಡದ ಪಾದ್ರಿ ಗಿಡಿಯನ್ ಬ್ಯಾಮುಗಿಶಾ ಅವರ ಕಥೆಯನ್ನೂ ಹೇಳಿದೆ. 1991ರಲ್ಲಿ ಅವರ ಹೆಂಡತಿ ತೀರಿಕೊಂಡರು. ತಮಗೂ ಎಚ್‌ಐವಿ ಇದೆ ಅಂತ ಆಮೇಲೆ ಗೊತ್ತಾಯಿತು. 1992ರಲ್ಲಿ ಅದನ್ನು ಎಲ್ಲರೆದುರು ಹೇಳಿಕೊಂಡರು, ಪಾದ್ರಿಯಾಗೇ ಮುಂದುವರಿದರು. 2003ರಲ್ಲಿ ಎಚ್‌ಐವಿ ಇರುವ ಆಫ್ರಿಕಾದ ಧರ್ಮಗುರುಗಳ ಕೂಟವನ್ನೇ ಕಟ್ಟಿದರು. "ಭಾಳ ಧೈರ್ಯದ ಮನಶ್ಯಾ" ಅಂದರು ಅಜ್ಜಾರು. ನಮ್ಮ ಬೆಂಗಳೂರಲ್ಲೂ ರೋಗಿಗಳ ಸೇವೆಗೆಂದೇ ಇರುವ ಕ್ಯಾಮಿಲಿಯನ್ ಪಂಗಡದ ಪಾದ್ರಿಗಳು 1997ರಲ್ಲೇ ಎಚ್‌ಐವಿ ಇರುವವರ ಆರೈಕೆಗೆ ಸ್ನೇಹದಾನ್ ಶುರುಮಾಡಿದ್ದರು. ಸರ್ಕಾರದ ಉಚಿತ ಎಆರ್‌ಟಿ ಬಂದಿದ್ದು 2004ರ ಏಪ್ರಿಲ್ 1ಕ್ಕೆ. ಅಲ್ಲಿವರೆಗೆ ಬಡವರಿಗೆ ಗುಳಿಗೆ ಕನಸು. ಆಗ ಪಕ್ಕದಲ್ಲಿ ಕೂತು ಮೈ ಒರೆಸುವವರು ಬೇಕಿತ್ತು, ಅಲ್ವಾ?

ಶ್ರಾವಣದ ಪ್ರವಚನಕ್ಕೆ ನನಗೆ ಹೋಗಲಾಗಲಿಲ್ಲ. ಕೇಳಿ ಬಂದವರು ಹೇಳಿದರು. ಪ್ರವಚನ ಮುಗಿಯುವ ಮಂಗಲದ ದಿನ ಅಜ್ಜಾರು ಮೈಕ್ ಹಿಡಿದು, "ಸಕ್ಕರಿ ಇರಲಿ, ಬಿಪಿ ಇರಲಿ, ಟಿಬಿ ಇರಲಿ, ಎಚ್‌ಐವಿ ಇರಲಿ, ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ. ಅಂಗಾರ ಹಣಿಗೆ, ಗುಳಿಗಿ ಹೊಟ್ಟಿಗೆ. ಎರಡಕ್ಕೂ ಜಗಳಿಲ್ಲ" ಅಂದರಂತೆ. ಯಾರ ಕಡೆಗೂ ಬೊಟ್ಟು ಮಾಡದೆ ಎಲ್ಲರಿಗೂ ಹೇಳಿದರು. ನನಗೆ ಜಾಸ್ತಿ ಹಿಡಿಸಿದ್ದು ಅದೇ. ಆಮೇಲೆ ದಾಸೋಹದ ಪಂಕ್ತಿಯಲ್ಲಿ ಜನರ ನಡುವೆ ಕೂತು ಉಂಡರಂತೆ.

ಎಂಟನೇ ದಿನಕ್ಕೆ ಅವಳು ಬಂದಳು. ಮತ್ತೆ ರಕ್ತ ತಪಾಸಣೆ, ಮತ್ತೆ ಡಾಕ್ಟರ್, ಎಲ್ಲ ಮೊದಲಿನಿಂದ. ಡಬ್ಬಿ ಕೈಗಿಟ್ಟಾಗ ಅಲ್ಲೇ ಸೀಲ್ ಒಡೆದಳು. ಹಣೆಯ ಮೇಲೆ ಅಂಗಾರ ಹಾಗೇ ಇತ್ತು.

"ಅಕ್ಕಾರ, ಅಜ್ಜಾರು ಆ ಮಾತು ನನಗಂತನ ಹೇಳಿದ್ರೇನ್ರಿ?"

"ನೀ ಯಾರಂತ ಅವರಿಗೆ ಗೊತ್ತಿಲ್ಲವ್ವಾ" ಅಂದೆ.

ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲದೇ ಹೇಳ್ಯಾರ ಹಂಗಾದ್ರ" ಅಂದು ಡಬ್ಬಿಯನ್ನು ಸೀರೆ ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.