ಬೋರ್ಡಿನ ಕಾಲು ಯಾರ ಜಾಗದಲ್ಲಿ?

ನಮ್ಮ ಕಾಸರಗೋಡಿನಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಅಗಲ ಮಾಡುವಾಗ ಮನೆ, ಅಂಗಡಿ, ತೆಂಗಿನಮರ ಹೋದವರ ಕತೆ ಎಲ್ಲರೂ ಕೇಳಿದ್ದಾರೆ. ಬೋರ್ಡು ಹೋದವರನ್ನು ಯಾರೂ ಕೇಳಲಿಲ್ಲ. ಉಪ್ಪಳದ ಹತ್ತಿರ ನನ್ನ ಮಾವನದ್ದು ಎರಡಿತ್ತು. ಒಂದು ಅವರದೇ ಜಾಗದಲ್ಲಿ, ದಪ್ಪ ಕಬ್ಬಿಣದ ಕಾಲು, ಬುಡಕ್ಕೆ ಕಾಂಕ್ರೀಟು, ಜಾಹೀರಾತಿನವರಿಗೆ ಬಾಡಿಗೆಗೆ ಕೊಟ್ಟದ್ದು. ಇನ್ನೊಂದು ಚರಂಡಿಯ ಆಚೆ, ರಸ್ತೆ ಕಡೆ. ಮಲಯಾಳದ ಕೆಳಗೆ ಕನ್ನಡದಲ್ಲೂ ಅಂಗಡಿ ಹೆಸರು, ಪೈಂಟರ್ ಕೈಯಲ್ಲೇ ಬರೆಸಿದ್ದು.

ಅಳೆಯಲು ಬಂದ ದಿನ ನಾನೂ ಅಲ್ಲಿದ್ದೆ. ಟೇಪಿನ ಒಂದು ತುದಿ ಸರ್ವೆ ಕಲ್ಲಿಗೆ, ಇನ್ನೊಂದು ತುದಿ ತುಕ್ಕು ಹಿಡಿದ ಕಾಲಿಗೆ. ಒಳಗಿನ ಬೋರ್ಡನ್ನು ಪಟ್ಟಿಯಲ್ಲಿ ಬರೆದುಕೊಂಡರು, ಹೊರಗಿನದನ್ನು ನೋಡಲೂ ಇಲ್ಲ.

"ಸಾರ್, ಇದು ನಮ್ಮ ಅಪ್ಪನ ಕಾಲದಿಂದ ಉಂಟು" ಅಂದರು ಮಾವ.

"ಇಷ್ಟು ವರ್ಷ ಸರಕಾರಕ್ಕೆ ನೆಲಬಾಡಿಗೆ ಕೊಟ್ಟಿದ್ದೀರಾ?"

ಮಾವ ಸುಮ್ಮನಾದರು. ಪ್ರಶ್ನೆ ಸರಿಯೇ ಇತ್ತು ಅಂತ ನನಗೂ ಅನಿಸಿತು, ಆದರೆ ಮಾವನ ಮುಖ ನೋಡಿ ಹೇಳಲಿಲ್ಲ.

ಕಾನೂನು ಹೀಗಿದೆ. ಹೈವೇಗೆ ಜಾಗ ಹಿಡಿಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ, ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯಂತೆ. ನೆಲಕ್ಕೆ ಅಂಟಿ ನಿಂತದ್ದಕ್ಕೂ ಬೆಲೆ ಕಟ್ಟುತ್ತಾರೆ, ಮೇಲೆ ಅಷ್ಟೇ ಮೊತ್ತ ಸಾಂತ್ವನಧನ, ಅಂದರೆ ಒತ್ತಾಯದಿಂದ ಜಾಗ ಹಿಡಿದದ್ದಕ್ಕೆ ಕೊಡುವ ಹೆಚ್ಚಿನ ದುಡ್ಡು. ಆದರೆ ಹೈವೇಯ ಜಾಗದಲ್ಲೇ ನಿಂತದ್ದಕ್ಕೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ: ನೋಟಿಸ್ ಕೊಟ್ಟು ತೆಗೆಸುವುದು, ನಾವು ತೆಗೆಯದಿದ್ದರೆ ಅವರೇ ತೆಗೆದು ಆ ಖರ್ಚೂ ನಮ್ಮಿಂದಲೇ ವಸೂಲಿ! ಅಂದರೆ ಬೋರ್ಡು ಎಷ್ಟು ಗಟ್ಟಿ, ಎಷ್ಟು ಹಳೇದು ಅನ್ನುವುದು ಲೆಕ್ಕಕ್ಕಿಲ್ಲ. ಕಾಲು ಎಲ್ಲಿ ಊರಿದೆ ಅಷ್ಟೇ.

ಅಮೆರಿಕದಲ್ಲಿ 1965ರಲ್ಲೇ ಹೈವೇ ಚಂದ ಮಾಡಲು ಒಂದು ಕಾನೂನು ತಂದರು. ಕಾನೂನುಬದ್ಧವಾಗಿ ಹಾಕಿದ ಬೋರ್ಡು ತೆಗೆಸಿದರೆ ಬೋರ್ಡಿನವನಿಗೂ ಜಾಗದವನಿಗೂ ಪರಿಹಾರ ಕೊಡಬೇಕು. ಕೇಳಲು ಚಂದ ಅಲ್ವಾ? ಆದರೆ ದುಡ್ಡು ಸಾಲದೆ ಎಷ್ಟೋ ಬೋರ್ಡುಗಳು ಅಲ್ಲಲ್ಲೇ ಉಳಿದವಂತೆ.

ಮಾವನಿಗೆ ಒಳಗಿನ ಬೋರ್ಡಿನ ದುಡ್ಡು ಬಂತು, ಕಬ್ಬಿಣ ಕಾಂಕ್ರೀಟಿನ ಲೆಕ್ಕದಲ್ಲಿ. ತಿಂಗಳ ಬಾಡಿಗೆ ನಿಂತದ್ದಕ್ಕೆ ಏನೂ ಇಲ್ಲ, ನನಗೆ ಅನ್ಯಾಯ ಅನಿಸಿದ್ದು ಅದು. ಹೊರಗಿನದನ್ನು ಗ್ಯಾಸ್ ಕಟರ್‌ನವರು ಬರುವ ಮೊದಲೇ ಮಾವ ತಾವೇ ಬಿಚ್ಚಿಸಿದರು. ತಗಡು ಈಗ ಹಟ್ಟಿಯ ಮಾಡಿಗೆ ಹೊದಿಸಿದೆ, ಅಕ್ಷರ ಕೆಳಗೆ ಮಾಡಿ. ಹಾಲು ಕರೆಯಲು ಹೋದರೆ ಅಂಗಡಿ ಹೆಸರು ಓದಬಹುದು.