ಪರಮಾಣು ಇಂಟರ್‌ಫೆರೋಮೀಟರ್, ಮೂರನೇ ವಾರ: ಒತ್ತಿದ್ದು ತಪ್ಪು ಕಡೆಗೆ

ಅಂತೂ ಪ್ರೋಗ್ರಾಮ್ ದಾರಿಗೆ ಬಂತು. ಹೊಸದಾಗಿ ಓದುವವರಿಗೆ ಒಂದು ಮಾತು: ಪರಮಾಣು ಇಂಟರ್‌ಫೆರೋಮೀಟರ್ ಅಂದರೆ ಪರಮಾಣುಗಳ ಅಲೆ ಗುಣ ಬಳಸಿ ಗುರುತ್ವದಂಥದ್ದನ್ನು ಅಳೆಯುವ ಯಂತ್ರ. ದಾವಣಗೆರೆಯ ಬಾಡಿಗೆ ರೂಮಿನಲ್ಲಿ ಲೇಸರ್, ವ್ಯಾಕ್ಯೂಮ್ ಪಂಪ್ ಕಟ್ಟೋಕೆ ಆಗಲ್ಲ, ಇದು ಹಳೇ ಲ್ಯಾಪ್‌ಟಾಪ್‌ನ ಪೈಥಾನ್ ಸಿಮ್ಯುಲೇಶನ್ ಅಷ್ಟೇ.

ನಿಜವಾದ ಯಂತ್ರದಲ್ಲಿ ತಣ್ಣಗೆ ಮಾಡಿದ ರುಬಿಡಿಯಂ ಪರಮಾಣುಗಳು ಬೀಳುವಾಗ ಮೂರು ಸಲ ಲೇಸರ್ ಪಲ್ಸ್ ಹೊಡೆಯುತ್ತಾರೆ. ಮೊದಲನೆಯದು ಅಲೆಯನ್ನು ಎರಡು ದಾರಿಗೆ ಒಡೆಯುತ್ತದೆ, ಎರಡನೆಯದು ತಿರುಗಿಸುತ್ತದೆ, ಕೊನೆಯದು ಸೇರಿಸುತ್ತದೆ. 780 ನ್ಯಾನೋಮೀಟರ್ ಲೇಸರ್, ಪಲ್ಸ್‌ಗಳ ನಡುವೆ 0.1 ಸೆಕೆಂಡ್ ಇಟ್ಟರೆ ಗುರುತ್ವದಿಂದಲೇ ಸುಮಾರು 16 ಲಕ್ಷ ರೇಡಿಯನ್ ಫೇಸ್, ಅಂದರೆ ಎರಡು ದಾರಿಯ ಅಲೆಗಳ ಹೆಜ್ಜೆಯ ವ್ಯತ್ಯಾಸ, ಬರುತ್ತದೆ. ಅದನ್ನು ತಿಳಿಯೋಕೆ ಆಮೇಲೆ ಪರಮಾಣುವಿನ ಎರಡು ಸ್ಥಿತಿಗಳಲ್ಲಿ ಯಾವುದರಲ್ಲಿ ಎಷ್ಟು ಪರಮಾಣು ಇವೆ ಅಂತ ಎಣಿಸಬೇಕು. ಕಿರಿಕಿರಿ ಇರೋದೇ ಅಲ್ಲಿ. ಒಂದೊಂದು ಪರಮಾಣುವೂ ತನ್ನ ಪಾಡಿಗೆ ನಾಣ್ಯ ಚಿಮ್ಮಿದ ಹಾಗೆ ಬೀಳುತ್ತದೆ, ಹಾಗಾಗಿ 100 ಪರಮಾಣು ಇದ್ದರೆ ಫೇಸ್‌ನಲ್ಲಿ 0.1 ರೇಡಿಯನ್ ಏರುಪೇರು ತಪ್ಪಿದ್ದಲ್ಲ.

ಅದಕ್ಕೇ ಸ್ಪಿನ್ ಸ್ಕ್ವೀಜಿಂಗ್: ಪರಮಾಣುಗಳನ್ನು ಒಂದಕ್ಕೊಂದು ಹೆಣೆದು ಆ ಏರುಪೇರು ತಗ್ಗಿಸುವ ಉಪಾಯ. ಭೌತವಿಜ್ಞಾನಿಗಳಾದ ಕಿಟಗಾವಾ ಮತ್ತು ಉಯೆದಾ 1993ರಲ್ಲಿ ತೋರಿಸಿದ ತಿರುಚುವ ವಿಧಾನ ಹಾಕಿದೆ. 100 ಪರಮಾಣುಗಳ ಸ್ಥಿತಿ ಬರೆಯೋಕೆ 2ರ 100ನೇ ಘಾತದಷ್ಟು ಸಂಖ್ಯೆ ಬೇಕು ಅಂತ ಮೊದಲು ಹೆದರಿದ್ದೆ, ಆದರೆ ಎಲ್ಲವೂ ಒಂದೇ ಥರ ಇರೋದರಿಂದ ಬರೀ 101 ಸಾಕು.

ಓಡಿಸಿದರೆ ಏರುಪೇರು ಕಡಿಮೆ ಆಗೋ ಬದಲು ಜಾಸ್ತಿ ಆಯ್ತು! ನಾಲ್ಕು ಸಂಜೆ ಹಾಳು. ಕೊನೆಗೆ ಹೊಳೆದದ್ದು ಮಂಡಕ್ಕಿ ಭಟ್ಟಿ ಕಡೆ, ಹುಡುಗನೊಬ್ಬ ಲಾರಿಗೆ ಚೀಲ ತುರುಕುತ್ತಿದ್ದ. ಪಕ್ಕದಿಂದ ಮೊಣಕಾಲಲ್ಲಿ ಒತ್ತಿದರೆ ಚೀಲ ಮೇಲಕ್ಕೆ ಉಬ್ಬುತ್ತದೆ, ಅಲ್ವಾ? ಸ್ಕ್ವೀಜಿಂಗ್‌ನಲ್ಲೂ ಅನಿಶ್ಚಿತತೆ ಮಾಯ ಆಗಲ್ಲ, ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಉಬ್ಬುತ್ತದೆ. ನಾನು ಅಳೆಯುತ್ತಿದ್ದದ್ದು ಉಬ್ಬಿದ ಕಡೆಯನ್ನೇ.

ಕುಗ್ಗಿದ ಕಡೆ ಅಳತೆಗೆ ಸಿಗುವ ಹಾಗೆ ತಿರುಗಿಸುವ ಒಂದು ಸಾಲನ್ನು ಪ್ರೋಗ್ರಾಮ್‌ನಲ್ಲಿ ಪಲ್ಸ್‌ಗಳಿಗೆ ಮುಂಚೆ ಸೇರಿಸಿದೆ. ಏರುಪೇರು 0.1 ಇದ್ದದ್ದು 0.025ರ ಹತ್ತಿರ ಬಂತು. ತಿರುಚುವಿಕೆ ಅತಿ ಮಾಡಿದರೆ ಮಾತ್ರ ಅನಿಶ್ಚಿತತೆಯ ಆಕಾರ ಬಾಳೆಹಣ್ಣಿನಂತೆ ಬಾಗಿ ಲಾಭ ಹೋಗಿಬಿಡುತ್ತದೆ.

ಖುಷಿಯಲ್ಲಿ ಸುಮ್ನೆ ಹತ್ತು ಪರಮಾಣು ಕಳೆದು ನೋಡಿದೆ. ತಕ್ಷಣ 0.04 ದಾಟಿತು. 2016ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಸುಮಾರು 5 ಲಕ್ಷ ಪರಮಾಣುಗಳಲ್ಲಿ ಏರುಪೇರನ್ನು 20 ಡೆಸಿಬೆಲ್, ಅಂದರೆ ವೇರಿಯನ್ಸ್‌ನಲ್ಲಿ (ಏರುಪೇರಿನ ವರ್ಗದಲ್ಲಿ) 100 ಪಟ್ಟು, ಇಳಿಸಿದ್ದು ಎಷ್ಟು ಕಷ್ಟದ ಕೆಲಸ ಅಂತ ಆಗ ಗೊತ್ತಾಯ್ತು. ನನ್ನದು ಬರೀ ಕಾಗದದ ಲೆಕ್ಕ, ಅದೂ ಹತ್ತಕ್ಕೇ ಸುಸ್ತು.

ಮುಂದಿನ ವಾರ 500 ಪರಮಾಣು. ಫ್ಯಾನ್ ಈಗಲೇ ಕಿರುಚುತ್ತಿದೆ.