ನಿನ್ನ ತಂದೆಗೆ ಸ್ನಾನ ಮಾಡಿಸುತ್ತಿದ್ದವರು ಯಾರು?

ನಮ್ಮ ಮೇಲಿನ ಮಹಡಿಯ ಮದಾಮ್ ಕೇಳಿದ ಒಂದು ಪ್ರಶ್ನೆ ವಾರದಿಂದ ನನ್ನನ್ನು ಬಿಟ್ಟಿಲ್ಲ. ಕೇಳಿದ್ದು ಪ್ಯಾರಿಸ್‌ನ ರ್ಯೂ ದು ಬಾಕ್ ಬೀದಿಯ ಒಂದು ಪ್ರಾರ್ಥನಾಲಯದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿರುವ ಒಬ್ಬ ಸಂತಳ ಎದುರು. ಊರಿನಲ್ಲಿರುವ ನಿಮಗೆ ಇದನ್ನು ಹೇಳಲೇಬೇಕು, ಏಕೆಂದರೆ ಆ ಪ್ರಶ್ನೆ ಅಲ್ಲಿಂದ ನೇರವಾಗಿ ತುಮಕೂರಿನ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಿದೆ.

ಮದಾಮ್ ಗ್ವಾದಲೂಪ್ ದ್ವೀಪದವರು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಫ್ರೆಂಚ್ ಸರ್ಕಾರ ಕೆರಿಬಿಯನ್‌ನ ತನ್ನ ದ್ವೀಪಗಳಿಂದ ಸಾವಿರಾರು ಯುವಜನರನ್ನು ಇಲ್ಲಿಗೆ ಕರೆತಂದಿತು. ಅದಕ್ಕೆಂದೇ 1963ರಲ್ಲಿ ಒಂದು ಕಚೇರಿಯನ್ನೂ ತೆರೆದಿತ್ತು. ಅಂಚೆ, ಆಸ್ಪತ್ರೆ, ಮನೆಗೆಲಸ ಹೀಗೆ ಕೈ ಸಾಲದ ಕಡೆಗೆಲ್ಲ ಅವರನ್ನು ಹಂಚಲಾಯಿತು. ಹಾಗೆ ಬಂದ ಹುಡುಗಿಯರಲ್ಲಿ ಮದಾಮ್ ಒಬ್ಬರು. ನಿವೃತ್ತರಾಗುವವರೆಗೂ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ರೋಗಿಗಳನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸುವ ಕೆಲಸ ಮಾಡಿದರು. ಈಗಲೂ ಅವರು ಯಾರ ಕೈ ಹಿಡಿದರೂ ಮೊದಲು ಮಣಿಕಟ್ಟಿನ ಕೆಳಗೆ ತಮ್ಮ ಅಂಗೈಯನ್ನು ಆನಿಸುತ್ತಾರೆ.

ಅಪ್ಪ ತೀರಿಕೊಂಡ ಸುದ್ದಿ ತಿಳಿದ ದಿನ ಅವರು ಪಾತ್ರೆಯಲ್ಲಿ ಸಾರು ತಂದುಕೊಟ್ಟರು. ವಾಸದ ಪರವಾನಗಿಯ ನವೀಕರಣ ನಡೆಯುತ್ತಿದ್ದುದರಿಂದ ನನಗೆ ಊರಿಗೆ ಬರಲಾಗಲಿಲ್ಲ. ಅದನ್ನು ತಿಳಿದ ಮದಾಮ್, "ಮಂಗಳವಾರ ನನ್ನ ಜೊತೆ ಬಾ ಮಗಳೇ, ರ್ಯೂ ದು ಬಾಕ್‌ಗೆ ಹೋಗಿ ಬರೋಣ" ಎಂದರು. ನಾನು ಕ್ರೈಸ್ತಳಲ್ಲ ಎಂಬುದು ಅವರಿಗೆ ಗೊತ್ತು. ಅದು ಅವರಿಗೆ ಒಂದು ವಿಷಯವೇ ಆಗಿರಲಿಲ್ಲ, ನನಗೂ ಆಗಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೀರೆ ಉಟ್ಟು ನಿಂತ ಮಾತೆಗೆ ಕೈಮುಗಿದವಳು ನಾನು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಟ್ಟೆ ತೊಟ್ಟು ನಡೆದು ಬರುವ ಹರಕೆಯವರ ನಡುವೆ ಯಾರು ಯಾವ ಜಾತಿ, ಯಾವ ಧರ್ಮ ಎಂದು ವಿಚಾರಿಸುವವರನ್ನು ಅಲ್ಲಿ ನಾನು ಕಂಡಿರಲಿಲ್ಲ.

ಸೆವ್ರ್ ಬಾಬಿಲೋನ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಬೋನ್ ಮಾರ್ಷೆ ಎಂಬ ಹಳೆಯ ಶ್ರೀಮಂತ ಮಳಿಗೆ. ಅದನ್ನು ಬಳಸಿಕೊಂಡು ಹೋದರೆ 140ನೇ ಸಂಖ್ಯೆಯ ಬಾಗಿಲು. ಗೋಪುರವಿಲ್ಲ, ಗಂಟೆಯ ಸದ್ದಿಲ್ಲ. ಜನ ಒಳಗೆ ಹೋಗುವುದನ್ನು ನೋಡಿಯೇ ಇದು ಆ ಜಾಗ ಎಂದು ತಿಳಿಯಬೇಕು. ಒಳಗಿನ ಉದ್ದನೆಯ ಅಂಗಳದ ಗೋಡೆಯ ಮೇಲೆ ಕೃತಜ್ಞತೆಯ ಕಲ್ಲುಫಲಕಗಳು. ಫಿಲಿಪೀನ್ಸ್‌ನವರು, ಪೋರ್ಚುಗಲ್‌ನವರು, ಪೋಲೆಂಡ್‌ನವರು, ಆಫ್ರಿಕಾದವರು, ಮಗುವನ್ನು ಎತ್ತಿಕೊಂಡ ತಮಿಳು ದಂಪತಿ. ಪಕ್ಕದ ಮಳಿಗೆಯ ಚೀಲ ಹಿಡಿದ ಪ್ಯಾರಿಸ್‌ನ ಹೆಂಗಸರೂ ಅದೇ ಸಾಲಿನಲ್ಲಿದ್ದರು.

ಇಲ್ಲಿಯ ಕಥೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. ಕ್ಯಾಥರೀನ್ ಲಬೂರೆ ಬರ್ಗಂಡಿ ಸೀಮೆಯ ರೈತನ ಮಗಳು, 1806ರಲ್ಲಿ ಹುಟ್ಟಿದವಳು. ಒಂಬತ್ತರ ವಯಸ್ಸಿಗೆ ತಾಯಿ ಸತ್ತರು. ಹಸು, ಹಂದಿ, ಪಾರಿವಾಳಗಳನ್ನು ನೋಡಿಕೊಂಡು, ಮನೆ ತುಂಬ ಆಳುಕಾಳುಗಳಿಗೆ ಅಡುಗೆ ಮಾಡಿ ಹಾಕುತ್ತ ಬೆಳೆದ ಹುಡುಗಿಗೆ ಓದು ಅಷ್ಟಕ್ಕಷ್ಟೆ. 1830ರಲ್ಲಿ ತಂದೆಯ ಒಲ್ಲದ ಮನಸ್ಸನ್ನು ದಾಟಿ 'ಡಾಟರ್ಸ್ ಆಫ್ ಚಾರಿಟಿ' ಎಂಬ ಸಿಸ್ಟರ್‌ಗಳ ಸಂಸ್ಥೆಗೆ ಸೇರಿದಳು. ಅದೇ ವರ್ಷ ಜುಲೈ ಮತ್ತು ನವೆಂಬರ್‌ನಲ್ಲಿ ಈ ಪ್ರಾರ್ಥನಾಲಯದಲ್ಲಿ ಮಾತೆ ಮರಿಯಳು ತನಗೆ ಕಾಣಿಸಿಕೊಂಡು, ಹೀಗೊಂದು ಪದಕವನ್ನು ಮಾಡಿಸು ಎಂದಳೆಂದು ತನ್ನ ಗುರುವಿಗೆ ಹೇಳಿದಳು. 1832ರಲ್ಲಿ ಮೊದಲ ಪದಕಗಳು ಬಂದಾಗ ಪ್ಯಾರಿಸ್ ಕಾಲರಾದಲ್ಲಿ ನರಳುತ್ತಿತ್ತು. ನಗರದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಸತ್ತ ವರ್ಷ ಅದು. ಸಿಸ್ಟರ್‌ಗಳು ರೋಗಿಗಳಿಗೆ ಪದಕ ಹಂಚಿದರು, ಗುಣವಾದವರ ಮಾತು ಹಬ್ಬಿತು, ಜನ ಅದನ್ನು ಪವಾಡದ ಪದಕ ಎಂದು ಕರೆದರು. ಕ್ಯಾಥರೀನ್ ಸಾಯುವ ಹೊತ್ತಿಗೆ ಜಗತ್ತಿನಲ್ಲಿ ಹರಡಿದ್ದ ಪದಕಗಳನ್ನು ನೂರು ಕೋಟಿಯ ಲೆಕ್ಕದಲ್ಲಿ ಹೇಳುತ್ತಾರೆ.

ಮಾತೆ ಕುಳಿತಿದ್ದಳೆನ್ನುವ ನೀಲಿ ಮಖಮಲ್ಲಿನ ಕುರ್ಚಿ ಈಗಲೂ ಇದೆ. ಜನ ಚೀಟಿಗಳಲ್ಲಿ ಬೇಡಿಕೆ ಬರೆದು ಅದರ ಬಳಿ ಇಡುತ್ತಾರೆ. ಎಲ್ಲರ ಕಣ್ಣೂ ಅತ್ತ ಇದ್ದರೆ ಮದಾಮ್ ನನ್ನನ್ನು ನೇರವಾಗಿ ಕ್ಯಾಥರೀನ್ ಮಲಗಿರುವ ಗಾಜಿನ ಪೆಟ್ಟಿಗೆಯ ಬಳಿಗೆ ಕರೆದುಕೊಂಡು ಹೋದರು.

"ಎಲ್ಲರೂ ಇವಳು ಕಂಡದ್ದರ ಬಗ್ಗೆ ಮಾತನಾಡುತ್ತಾರೆ. ಅದು ಒಂದೇ ವರ್ಷದ ಮಾತು ಮಗಳೇ. ಉಳಿದ ನಲವತ್ತಾರು ವರ್ಷ ಇವಳು ಏನು ಮಾಡಿದಳು ಗೊತ್ತೆ? ಮುದುಕರ ಹಾಸಿಗೆ ಬದಲಿಸಿದಳು. ನಾನು ಬರುವುದು ಅದಕ್ಕೆ."

ಮನೆಗೆ ಬಂದು ಓದಿದೆ. ಮದಾಮ್ ಹೇಳಿದ್ದು ಅಕ್ಷರಶಃ ನಿಜ. 1831ರಲ್ಲಿ ಅವಳನ್ನು ನಗರದ ಪೂರ್ವದ ರ್ಯೋಯಿ ಎಂಬಲ್ಲಿನ ಆಂಘಿಯಾ ವೃದ್ಧಾಶ್ರಮಕ್ಕೆ ಕಳುಹಿಸಿದರು. 1876ರ ಡಿಸೆಂಬರ್ 31ರಂದು ಸಾಯುವವರೆಗೂ ಅವಳು ಅಲ್ಲಿಯೇ ಇದ್ದಳು. ಅಡುಗೆಮನೆ, ಬಟ್ಟೆ, ಕೋಳಿಗಳು, ಹಸುಗಳು, ಮತ್ತು ಮುದುಕರು. ಮಾತೆಯನ್ನು ಕಂಡ ಸಿಸ್ಟರ್ ಯಾರು ಎಂದು ಊರೆಲ್ಲ ಊಹಿಸುತ್ತಿದ್ದಾಗ ಅವಳು ಬಾಯಿ ಬಿಡಲಿಲ್ಲ. 1836ರಲ್ಲಿ ಚರ್ಚಿನವರು ವಿಚಾರಣೆ ನಡೆಸಿದಾಗಲೂ ಮುಂದೆ ಬರಲಿಲ್ಲ. ಸಾಯುವ ವರ್ಷವಷ್ಟೇ ತನ್ನ ಮೇಲಿನ ಸಿಸ್ಟರ್‌ಗೆ ಹೇಳಿದಳು. ಇನ್ನೂ ಒಂದು ವಿಷಯವನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಆಶ್ರಮವನ್ನು ರಾಜಮನೆತನದ ಒಬ್ಬ ಹೆಣ್ಣುಮಗಳು ಕಟ್ಟಿಸಿದ್ದು ಆ ಮನೆತನದಲ್ಲಿ ದುಡಿದು ಮುದಿಯಾದ ಆಳುಗಳಿಗಾಗಿ. ಜೀವನವಿಡೀ ಪರರಿಗೆ ನೀರು ಹೊತ್ತವರಿಗೆ ಕೊನೆಗಾಲದಲ್ಲಿ ಬಿಸಿನೀರು ಕಾಯಿಸಿ ಕೊಟ್ಟವಳನ್ನು 1947ರಲ್ಲಿ ಸಂತಳೆಂದು ಸಾರಿದರು.

ಆ ಪೆಟ್ಟಿಗೆಯ ಎದುರು ಮದಾಮ್ ಕೇಳಿದ್ದು ಇದು: "ನಿನ್ನ ತಂದೆಗೆ ಸ್ನಾನ ಮಾಡಿಸುತ್ತಿದ್ದವರು ಯಾರು?"

ಅಪ್ಪ ಎಷ್ಟು ದಿನ ಮಲಗಿದ್ದರು, ಯಾವ ಆಸ್ಪತ್ರೆ, ನೋವು ಪಟ್ಟರೆ ಎಂದು ಎಲ್ಲರೂ ಕೇಳಿದ್ದರು. ಇದನ್ನು ಬೇರೆ ಯಾರೂ ಕೇಳಿರಲಿಲ್ಲ.

ಪಾವಗಡದ ಕಡೆಯ ಒಬ್ಬ ಅಕ್ಕ, ಎಂದೆ. ಅವರ ಹೆಸರನ್ನು ಮದಾಮ್‌ಗೆ ಹೇಳಿದೆ, ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಮದಾಮ್ ಆ ಹೆಸರನ್ನು ಅಕ್ಷರ ಬಿಡಿಸಿ ಕೇಳಿಕೊಂಡು ಚೀಟಿಯಲ್ಲಿ ಬರೆದರು, ಕೆಳಗೆ ಅಪ್ಪನ ಹೆಸರನ್ನು ಬರೆದರು, ಕುರ್ಚಿಯ ಬಳಿ ಇಟ್ಟು ಬಂದರು.

ಅಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಏಜೆನ್ಸಿಯವರ ಮೂಲಕ ಬಂದವರು ಆ ಅಕ್ಕ. ಗಂಡ ಇಲ್ಲ, ಮಗ ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದ. ಎರಡು ಗಂಟೆಗೊಮ್ಮೆ ಅಪ್ಪನ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹಾಸಿಗೆ ಹಿಡಿದ ದೇಹದ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟದ ವಿದ್ಯೆ ಎಂಬುದನ್ನು ಮದಾಮ್ ನನಗೆ ಆಮೇಲೆ ವಿವರಿಸಿದರು. ಅಪ್ಪನಿಗೆ ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ ಎಂದಾಗ ಅವರು ನಡೆಯುವುದನ್ನು ನಿಲ್ಲಿಸಿ, "ಒಂದೂ ಇಲ್ಲವೆ?" ಎಂದು ಮತ್ತೆ ಕೇಳಿದರು. ತಮ್ಮ ಕಸುಬಿನವರು ಮಾತ್ರ ಕೊಡಬಲ್ಲ ಮರ್ಯಾದೆ ಆ ದನಿಯಲ್ಲಿತ್ತು. ಆ ಅಕ್ಕ ರಾಗಿ ಅಂಬಲಿಯನ್ನು ಸೋಸಿ, ಉಗುರುಬೆಚ್ಚಗೆ ಮಾಡಿ, ಗಂಟಲಿಗೆ ಸಿಕ್ಕದಂತೆ ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದರು. ಕೊನೆಯ ತಿಂಗಳುಗಳಲ್ಲಿ ಅಪ್ಪನಿಗೆ ನಾವ್ಯಾರೂ ಗುರುತು ಸಿಗುತ್ತಿರಲಿಲ್ಲ. ಆ ಅಕ್ಕನನ್ನು ಮಾತ್ರ "ಅವ್ವಾ" ಎನ್ನುತ್ತಿದ್ದರು.

ಹನ್ನೊಂದನೆಯ ದಿನದ ತಿಥಿಗೆ ಅಣ್ಣ ವಿಡಿಯೊ ಕರೆ ಮಾಡಿ ಎಡೆ ಇಟ್ಟದ್ದನ್ನು ತೋರಿಸಿದ. ಶಾಮಿಯಾನ, ಉದ್ದದ ಪಂಕ್ತಿ, ಅಪ್ಪನನ್ನು ಹತ್ತು ವರ್ಷದಿಂದ ಬಂದು ನೋಡದ ನೆಂಟರು. ಅಕ್ಕ ಎಲ್ಲಿ ಎಂದೆ. ಮೊಬೈಲ್ ತಿರುಗಿತು. ಅವರು ಹಿತ್ತಲಿನಲ್ಲಿ ಪಾತ್ರೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಊಟಕ್ಕೆ ಕೂರಿಸು ಅಣ್ಣ ಎಂದೆ. "ಅವರದು ಆಮೇಲೆ ಆಗುತ್ತದೆ, ಬಡಿಸುವವರ ಜೊತೆ" ಎಂದ. ಅಣ್ಣ ಕೆಟ್ಟವನಲ್ಲ. ಅಪ್ಪನ ಔಷಧಕ್ಕೆ ಸಾಲ ಮಾಡಿದವನು ಅವನೇ. ಆದರೆ ಅಪ್ಪನ ಬಾಯಿಗೆ ಕೊನೆಯ ನೀರು ಬಿಟ್ಟ ಕೈ ತಿಥಿಯ ದಿನ ಎಲೆಯ ಮುಂದೆ ಇರಬೇಕಾಗಿತ್ತು ಎಂಬುದು ನೆರೆದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಅಪ್ಪ ಹೋದದ್ದಕ್ಕಿಂತ ಅಂದು ಅದು ನನ್ನನ್ನು ಹೆಚ್ಚು ಅಳಿಸಿತು.

ನಾನಿರುವ ದೇಶ ವೃದ್ಧರ ಸ್ವರ್ಗವೆಂದು ಯಾರೂ ತಿಳಿಯಬೇಡಿ. 2003ರ ಆಗಸ್ಟ್‌ನ ಬಿಸಿಗಾಳಿಗೆ ಇಲ್ಲಿ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವೃದ್ಧರು. ಮಕ್ಕಳು ರಜೆಗೆ ಸಮುದ್ರತೀರಕ್ಕೆ ಹೋಗಿದ್ದರು. ಮದಾಮ್ ಆಗ ವಾರ್ಡಿನಲ್ಲಿದ್ದರು, ಒದ್ದೆ ಬಟ್ಟೆ ಹೊದಿಸಿ ಹೊದಿಸಿ ಕೈ ಸೋತವು ಎನ್ನುತ್ತಾರೆ. ಕೇಳುವವರಿಲ್ಲದ ಐವತ್ತೇಳು ಶವಗಳನ್ನು ನಗರದಾಚೆಯ ತಿಯೆ ಸ್ಮಶಾನದಲ್ಲಿ ಹೂಳಿದಾಗ ರಾಷ್ಟ್ರಪತಿ ಶಿರಾಕ್ ಬಂದು ನಿಂತಿದ್ದರು. ಮರುವರ್ಷ ಒಂದು ಕಾನೂನು ಬಂತು. ದುಡಿಯುವವರು ವರ್ಷಕ್ಕೊಂದು ದಿನ ಹೆಚ್ಚುವರಿ ಸಂಬಳವಿಲ್ಲದೆ ಕೆಲಸ ಮಾಡಬೇಕು, ಅದರ ಬಾಬ್ತು ಮಾಲೀಕರು ಕಟ್ಟುವ ಹಣ ವೃದ್ಧರ ಮತ್ತು ಅಂಗವಿಕಲರ ಆರೈಕೆಗೆ ಹೋಗುತ್ತದೆ. ನಾಚಿಕೆಪಟ್ಟ ಮೇಲೆ ಏನನ್ನಾದರೂ ಮಾಡಿದರು. ಮದಾಮ್ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ತರಬೇತಿ ಇದೆ, ಸರ್ಕಾರದ ಪ್ರಮಾಣಪತ್ರ ಇದೆ, ನಿವೃತ್ತಿವೇತನ ಇದೆ. ಸಂಬಳ ಸಾಲದೆಂದು ಆ ಕಸುಬಿನವರು ಮುಷ್ಕರ ಹೂಡಿದಾಗ ಅದು ಸುದ್ದಿಯಾಗುತ್ತದೆ.

ನಮ್ಮಲ್ಲಿ ಮಕ್ಕಳು ದೂರದ ಊರುಗಳಲ್ಲಿರುವ ಮನೆಗಳಲ್ಲಿ ಇಂಥ ಅಕ್ಕಂದಿರಿದ್ದಾರೆ. ನಾವು ಹೊರನಾಡಿನವರು ನೆಮ್ಮದಿಯಿಂದ ನಿದ್ದೆ ಮಾಡುವುದು ಅವರು ಎಚ್ಚರವಿರುವುದರಿಂದ. ಆದರೂ ಅವರನ್ನು ಮನೆಯವರು ಕರೆಯುವುದು ಕೆಲಸದವಳು ಎಂದು. ತಿಂಗಳ ಹಣದಲ್ಲಿ ಏಜೆನ್ಸಿಯ ಪಾಲು ಕಳೆದು ಕೈಗೆ ಬರುವುದೆಷ್ಟು, ಜ್ವರ ಬಂದ ದಿನ ಸಂಬಳ ಉಂಟೇ, ಮಲಗಲು ಚಾಪೆಯೋ ಮಂಚವೋ ಎಂದು ಕೇಳುವವರು ಕಡಿಮೆ. ಮಲಮೂತ್ರ ಮುಟ್ಟುವ ಕೈಯನ್ನು ಪಂಕ್ತಿಯಿಂದ ದೂರ ಇಡುವ ಹಳೆಯ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ, ಆ ಮಲಮೂತ್ರ ನಮ್ಮ ತಂದೆಯದೇ ಆದರೂ. ಕ್ಯಾಥರೀನ್ ಸೇರಿದ ಸಂಸ್ಥೆಯನ್ನು 1633ರಲ್ಲಿ ಕಟ್ಟಿದ ವಿನ್ಸೆಂಟ್ ಡಿ ಪಾಲ್, ತನ್ನ ಸಿಸ್ಟರ್‌ಗಳಿಗೆ ರೋಗಿಗಳ ಮನೆಯೇ ಮಠ, ಊರಿನ ಬೀದಿಗಳೇ ಪ್ರಾಕಾರ ಎಂದಿದ್ದರು. ಕಾಯಕದ ಮಾತನ್ನು ದಿನಕ್ಕೆ ನೂರು ಸಲ ಆಡುವ ನಾಡು ನಮ್ಮದು. ಆ ಮಾತನ್ನು ಹಿತ್ತಲಿನವರೆಗೆ ಕೊಂಡೊಯ್ಯಲು ನಮಗೇನು ಅಡ್ಡಿ?

ಮೊನ್ನೆ ಆ ಅಕ್ಕನಿಗೆ ಕರೆ ಮಾಡಿದೆ. ಈಗ ಬೆಂಗಳೂರಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾರೆ, ಮಗ ಪಿಯುಸಿಗೆ ಬಂದಿದ್ದಾನೆ. ವರ್ಷದ ತಿಥಿಗೆ ನಾನು ಬರುತ್ತೇನೆ, ನೀವೂ ಬರಬೇಕು ಅಕ್ಕ, ಮೊದಲ ಪಂಕ್ತಿಯಲ್ಲಿ ಕೂರಬೇಕು, ನಾನೇ ಬಡಿಸುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರುತ್ತೇನಮ್ಮ. ಆದರೆ ಬದಲಿಗೆ ಯಾರಾದರೂ ಸಿಗಬೇಕು. ಈ ಅಜ್ಜಿಗೆ ಬೇರೆಯವರ ಕೈ ಒಗ್ಗುವುದಿಲ್ಲ, ಒಂದು ದಿನ ಮೊದಲೇ ಬಂದು ಅವರು ನನ್ನ ಜೊತೆ ಇದ್ದು ಕಲಿತುಕೊಳ್ಳಬೇಕು" ಎಂದರು. ಎರಡು ದಿನದ ಬದಲಿಯವರನ್ನೂ ಅಕ್ಕನ ಆ ದಿನಗಳ ಸಂಬಳವನ್ನೂ ನಾವೇ ನೋಡಿಕೊಳ್ಳಬೇಕೆಂದು ಅಣ್ಣನಿಗೆ ಬರೆದಿದ್ದೇನೆ. ಆಗಲಿ ಎಂದಿದ್ದಾನೆ. ಅವರ ಮಗನನ್ನೂ ಕರೆಯೋಣ ಎಂದು ತಾನಾಗಿಯೇ ಸೇರಿಸಿದ್ದಾನೆ.